ಒಂದೇ ಬಾಗಿಲು, ಹಲವು ಒಲೆ



ಚೆಟ್ಟಿನಾಡು ಎಂಬ ಹೆಸರನ್ನು ನೀವು ಕೇಳದೆ ಇರಲಾರಿರಿ. ತಾಳವಾಡಿ, ಹೊಸೂರಿನ ಕಡೆಯವರಿಗಂತೂ ಅದು ಹೋಟೆಲಿನ ಬೋರ್ಡಿನ ಮೇಲೆ ದಿನವೂ ಕಣ್ಣಿಗೆ ಬೀಳುವ ಹೆಸರು. ಮೆಣಸು ಮುಂದಾದ ಕೋಳಿ ಸಾರು ಎಂದರೆ ಚೆಟ್ಟಿನಾಡು. ಇವತ್ತು ನಾನು ಮಾತಾಡಹೊರಟಿರುವುದು ಆ ಸಾರಿನ ಬಗ್ಗೆ ಅಲ್ಲ, ಆ ಸಾರು ಕುದಿಯುತ್ತಿದ್ದ ಮನೆಗಳ ಬಗ್ಗೆ. ಅದರಲ್ಲೂ ಆ ಮನೆಗಳ ಒಳಗಿನ ಏರ್ಪಾಟಿನ ಬಗ್ಗೆ.

ಇದು ನಮಗೇಕೆ ಎಂದು ನೀವು ಕೇಳಬಹುದು. ನಮ್ಮ ಗಡಿ ಊರುಗಳಲ್ಲಿ ಈಗ ಎರಡು ಕೆಲಸ ಒಟ್ಟೊಟ್ಟಿಗೆ ನಡೆಯುತ್ತಿವೆ. ಒಂದು ಬೀದಿಯಲ್ಲಿ ಗಲ್ಫಿನಿಂದಲೋ ಪುಣೆಯಿಂದಲೋ ಬೆಂಗಳೂರಿನಿಂದಲೋ ಹಣ ಬಂದು ದೊಡ್ಡ ಮನೆ ಏಳುತ್ತಿದೆ. ಒಳಾಂಗಣದ ವಿನ್ಯಾಸ ಮಾಡುವವರು ಬಂದು, “ಜಗಲಿಗೆ ಎರಡು ಚೆಟ್ಟಿನಾಡು ಕಂಬ ನಿಲ್ಲಿಸೋಣ, ಹಾಲಿಗೆ ಆತ್ತಂಗುಡಿ ಟೈಲು ಹಾಸೋಣ” ಎನ್ನುತ್ತಾರೆ. ಪಕ್ಕದ ಬೀದಿಯಲ್ಲಿ ಅಜ್ಜನ ಕಾಲದ ವಾಡೆಯನ್ನೋ, ತೊಟ್ಟಿ ಮನೆಯನ್ನೋ, ನಾಲ್ಕುಕೆಟ್ಟನ್ನೋ ಕೆಡವಿ ಅದರ ಕಂಬ, ತೊಲೆ, ಬಾಗಿಲುವಾಡಗಳನ್ನು ಲಾರಿಗೆ ಹೇರುತ್ತಿದ್ದಾರೆ. ಇಲ್ಲಿ ಇಳಿದ ಕಂಬ ಅಲ್ಲೆಲ್ಲೋ ಏರುತ್ತದೆ. ಏರಿಸುವವರಿಗೂ ಇಳಿಸುವವರಿಗೂ ಆ ಕಂಬ ಮೊದಲು ಯಾವ ಕೆಲಸಕ್ಕೆ ನಿಂತಿತ್ತು ಎಂಬುದು ಗೊತ್ತಿರುವುದಿಲ್ಲ. ಅದನ್ನು ತಿಳಿಯಲು ಚೆಟ್ಟಿನಾಡಿಗಿಂತ ಒಳ್ಳೆಯ ಪಾಠಶಾಲೆ ನನಗೆ ಕಂಡಿಲ್ಲ.

ತಿರುಚ್ಚಿಯಿಂದ ಪುದುಕ್ಕೋಟೆ ದಾಟಿ ದಕ್ಷಿಣಕ್ಕೆ ಹೋದರೆ ಕಾರೈಕುಡಿ ಸಿಗುತ್ತದೆ. ಅದರ ಸುತ್ತ ಪುದುಕ್ಕೋಟೆ, ಶಿವಗಂಗೆ ಜಿಲ್ಲೆಗಳಲ್ಲಿ ಹರಡಿರುವ ಎಪ್ಪತ್ತಕ್ಕೂ ಮೇಲ್ಪಟ್ಟ ಊರುಗಳೇ ಚೆಟ್ಟಿನಾಡು. ಹಿಂದೆ 96 ಊರುಗಳಿದ್ದವೆಂದು ಹೇಳುತ್ತಾರೆ. ಬಿಸಿಲಿನ ನಾಡು, ಒಣ ನೆಲ. ಇಂಥ ನೆಲದ ಮೇಲೆ ಬೀದಿಯಿಂದ ಬೀದಿಗೆ ಚಾಚಿಕೊಂಡ ಅರಮನೆಯಂಥ ಮನೆಗಳು ಸಾಲುಸಾಲಾಗಿ ನಿಂತಿವೆ. ಕಟ್ಟಿಸಿದವರು ನಾಟ್ಟುಕೋಟ್ಟೈ ಚೆಟ್ಟಿಯಾರರು; ಅವರು ತಮ್ಮನ್ನು ನಗರತ್ತಾರ್ ಎಂದು ಕರೆದುಕೊಳ್ಳುತ್ತಾರೆ. ಒಂಬತ್ತು ದೇವಸ್ಥಾನಗಳಿಗೆ ಸೇರಿದ ಒಂಬತ್ತು ಬಳಿ ಅವರದು. ಮೂಲತಃ ಕಾವೇರಿ ಸಮುದ್ರ ಸೇರುವ ಪೂಂಪಟ್ಟಣದವರು, ನೀರು ನುಗ್ಗಿ ಊರು ಹೋದ ಮೇಲೆ ಒಳನಾಡಿಗೆ ಬಂದವರು ಎಂಬುದು ಅವರಲ್ಲಿ ನಡೆದುಬಂದ ಮಾತು. ಮನೆಗಳ ತಳಪಾಯ ಬೀದಿಯಿಂದ ಅಷ್ಟು ಎತ್ತರಕ್ಕೆ ಇರುವುದೇಕೆ ಎಂದು ಕೇಳಿದರೆ ಆ ನೀರಿನ ಕಥೆಯನ್ನೇ ಹೇಳುತ್ತಾರೆ.

ಹಣ ಬಂದದ್ದು ಕಡಲಾಚೆಯಿಂದ. 1852ರಲ್ಲಿ ಇಂಗ್ಲಿಷರು ಕೆಳ ಬರ್ಮಾವನ್ನು ಹಿಡಿದರು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಬರ್ಮಾದ ಅಕ್ಕಿಗೆ ಯುರೋಪಿನ ದಾರಿ ಸಿಕ್ಕಿತು. ಕಾಡು ಕಡಿದು ಗದ್ದೆ ಮಾಡುವ ರೈತನಿಗೆ ಸಾಲ ಕೊಡುವವರು ಬೇಕಿತ್ತು. ಕೊಟ್ಟವರು ಚೆಟ್ಟಿಯಾರರು. ಸಿಂಹಳ, ಮಲಯಗಳಲ್ಲೂ ಅವರ ಲೇವಾದೇವಿ ಇತ್ತು. ಪ್ರತಿಯೊಂದು ಅಂಗಡಿಗೂ ಇನಿಷಿಯಲ್ ಅಕ್ಷರಗಳ ಗುರುತು. ಅದನ್ನು ‘ವಿಲಾಸಂ’ ಎನ್ನುತ್ತಿದ್ದರು, ನಮ್ಮ ವಿಳಾಸವೇ. ಏಜೆಂಟನಾಗಿ ಹೋದವನು ಮೂರು ವರ್ಷ ಅಲ್ಲೇ ಇದ್ದು ಲೆಕ್ಕ ಒಪ್ಪಿಸಿ ಊರಿಗೆ ಮರಳಬೇಕು. ಹೆಂಡತಿ ಮಕ್ಕಳು ಊರಿನಲ್ಲೇ. ಈ ಮಾತನ್ನು ನೆನಪಿಡಿ, ಮನೆಯ ಒಳಗೆ ಹೋದಾಗ ಬೇಕಾಗುತ್ತದೆ.

ಈಗ ಒಳಗೆ ಹೋಗೋಣ. ಮೆಟ್ಟಿಲು ಹತ್ತಿದರೆ ‘ಮುಗಪ್ಪು’, ಎಂದರೆ ಮನೆಯ ಮುಖ. ಎರಡೂ ಕಡೆ ಎತ್ತರದ ತಿಣ್ಣೆ, ನಮ್ಮ ಜಗಲಿ. ತೇಗದ ಕಂಬಗಳು ಇಲ್ಲಿಂದಲೇ ಶುರು. ಬಂದವರು ಕೂರುವುದು, ಕೊಡು ಕೊಳ್ಳುವ ಮಾತು, ಲೆಕ್ಕದ ಪುಸ್ತಕ, ಎಲ್ಲ ಇಲ್ಲೇ. ನಡುವೆ ದೊಡ್ಡ ಬಾಗಿಲು. ಅದರ ಮೇಲಿನ ತೊಲೆಯಲ್ಲಿ ಆನೆಗಳು ನೀರೆರೆಯುವ ಗಜಲಕ್ಷ್ಮಿ. ಬಾಗಿಲು ದಾಟಿದರೆ ‘ವಳವು’. ಇದು ಆಕಾಶಕ್ಕೆ ತೆರೆದ ಅಂಗಳ, ಸುತ್ತಲೂ ಕಂಬದ ಪಡಸಾಲೆ, ಪಡಸಾಲೆಗೆ ತೆರೆದುಕೊಳ್ಳುವ ಸಾಲು ಕೋಣೆಗಳು. ಅದರ ಹಿಂದೆ ‘ಇರಂಡಾಂ ಕಟ್ಟು’, ಎರಡನೆಯ ಅಂಗಳ, ಊಟದ ಜಾಗ. ಅದರ ಹಿಂದೆ ಮೂರನೆಯದು, ಅಡಿಗೆ ಮನೆ, ಬಾವಿ, ಒರಳು, ಬೀಸುವ ಕಲ್ಲು. ಕೊನೆಗೆ ಹಿಂದಿನ ಬೀದಿಗೆ ಬಾಗಿಲು. ಮುಂದಿನಿಂದ ಹಿಂದಿನವರೆಗೆ ಬಾಗಿಲುಗಳೆಲ್ಲ ಒಂದೇ ಗೆರೆಯಲ್ಲಿವೆ. ಎಲ್ಲ ತೆರೆದಿಟ್ಟು ಮುಂಬಾಗಿಲಲ್ಲಿ ನಿಂತರೆ ಹಿತ್ತಿಲಿನ ಬೆಳಕು ಕಾಣುತ್ತದೆ, ಗಾಳಿಯೂ ಅದೇ ದಾರಿಯಲ್ಲಿ ಬರುತ್ತದೆ. ಚೌಕಟ್ಟಿನೊಳಗೆ ಚೌಕಟ್ಟು, ಬಿಸಿಲು ಕತ್ತಲು ಬಿಸಿಲು ಕತ್ತಲು, ನೋಡಲು ಚೆಂದ. ಆದರೆ ಅದು ಚೆಂದಕ್ಕಾಗಿ ಹುಟ್ಟಿದ್ದಲ್ಲ.

ವಳವಿನ ಕೋಣೆಗಳ ಲೆಕ್ಕವೇ ಇಡೀ ಮನೆಯ ಕೀಲಿಕೈ. ನಗರತ್ತಾರರಲ್ಲಿ ಮದುವೆಯಾದ ಗಂಡಸನ್ನು ಒಂದು ‘ಪುಳ್ಳಿ’ ಎಂದು ಎಣಿಸುತ್ತಾರೆ. ತಮಿಳು ಬಲ್ಲವರಿಗೆ ಹೇಳಬೇಕಾಗಿಲ್ಲ, ಪುಳ್ಳಿ ಎಂದರೆ ಚುಕ್ಕೆ. ದೇವಸ್ಥಾನಕ್ಕೆ ಕೊಡುವ ವಂತಿಗೆ ಕೂಡ ಪುಳ್ಳಿಯ ಲೆಕ್ಕದಲ್ಲೇ. ಮದುವೆಯಾದ ಸ್ವಲ್ಪ ದಿನಕ್ಕೆ ಗಂಡ ಹೆಂಡತಿಗೆ ಬೇರೆ ಒಲೆ ಹೂಡಿಕೊಡುತ್ತಾರೆ. ಅದಕ್ಕೆ ‘ವೇರು ವೈತ್ತಲ್’ ಎಂದು ಹೆಸರು. ಮನೆ ಒಂದೇ, ಮುಂಬಾಗಿಲು ಒಂದೇ, ಹಬ್ಬ ಮದುವೆ ತಿಥಿ ಎಲ್ಲ ಒಟ್ಟಿಗೆ. ಆದರೆ ದಿನನಿತ್ಯದ ಅಕ್ಕಿ ಬೇಳೆ, ಖರ್ಚು, ಅಡಿಗೆ ಬೇರೆ ಬೇರೆ. ಅಣ್ಣನಿಗೆ ಒಂದು ಕೋಣೆ, ತಮ್ಮನಿಗೆ ಒಂದು ಕೋಣೆ, ಹಿಂದಿನ ಕಟ್ಟಿನಲ್ಲಿ ಅವರವರ ಒಲೆ. ಒಬ್ಬಳು ಸೊಸೆ ಇಂದು ಏನು ಬೇಯಿಸಿದಳು, ಎಷ್ಟು ಎಣ್ಣೆ ಹಾಕಿದಳು ಎಂಬ ತಕರಾರಿಗೆ ಇನ್ನೊಬ್ಬಳಿಗೆ ಎಡೆಯೇ ಇಲ್ಲ.

ನಮ್ಮಲ್ಲಿ ‘ಒಂದೇ ಒಲೆಯ ಮನೆ’ ಎಂದರೆ ಒಗ್ಗಟ್ಟಿನ ಮನೆ, ಒಲೆ ಬೇರೆಯಾಯಿತೆಂದರೆ ಮನೆ ಒಡೆಯಿತು ಎಂದು ಅರ್ಥ. ಆ ವ್ಯಾಪಾರಿಗಳು ಒಲೆಯನ್ನು ಮೊದಲೇ ಬೇರೆ ಮಾಡಿ, ಮನೆ ಒಡೆಯದಂತೆ ನೋಡಿಕೊಂಡರು. ಜಗಳಕ್ಕೆ ಕಾರಣವಾಗುವುದನ್ನು ಗೋಡೆ ಎಬ್ಬಿಸುವ ಮುಂಚೆಯೇ ಲೆಕ್ಕಕ್ಕೆ ತಂದುಕೊಂಡು ಮನೆ ಕಟ್ಟಿಸಿದರು. ಹೇಳಿ ಮಾಡಿಸಿದ ಒಳಾಂಗಣ ಎಂದರೆ ಇದು ಎಂದು ನನ್ನ ಅಭಿಪ್ರಾಯ. ಅಂಗಿ ಹೊಲಿಯುವವನು ಮೈಯ ಅಳತೆ ತೆಗೆದುಕೊಳ್ಳುವಂತೆ ಇವರು ಸಂಸಾರದ ಅಳತೆ ತೆಗೆದುಕೊಂಡಿದ್ದರು.

ಆ ಕೋಣೆಗಳು ಚಿಕ್ಕವು, ಕಿಟಕಿ ಸಣ್ಣದು ಅಥವಾ ಇಲ್ಲವೇ ಇಲ್ಲ. ಇಷ್ಟು ದೊಡ್ಡ ಮನೆಯಲ್ಲಿ ಇಷ್ಟು ಚಿಕ್ಕ ಕೋಣೆಯೇ ಎಂದು ಈಗಿನವರಿಗೆ ಅಚ್ಚರಿ. ಅದು ಇಡೀ ದಿನ ಬಾಳುವ ಜಾಗವಲ್ಲ. ಸೊಸೆ ತವರಿನಿಂದ ತಂದ ‘ಸೀರ್’, ಎಂದರೆ ಹಿತ್ತಾಳೆ, ತಾಮ್ರ, ಬೆಳ್ಳಿ, ಪಿಂಗಾಣಿ, ಬಟ್ಟೆ, ಚಾಪೆ, ಎಲ್ಲವೂ ಬೀಗ ಹಾಕಿ ಇಡುವ ಜಾಗ ಅದು. ಅವು ಅವಳ ಪಾಲಿನವು. ಮಲಗುವುದು, ಹರಟುವುದು, ಹೂ ಕಟ್ಟುವುದು ಪಡಸಾಲೆಯಲ್ಲಿ, ಗಾಳಿ ಬರುವಲ್ಲಿ. ಗಂಡ ಮೂರು ವರ್ಷ ರಂಗೂನಿನಲ್ಲಿ ಇದ್ದಾಗ ಅವಳು ಇದ್ದದ್ದು ಇಲ್ಲೇ, ಅತ್ತೆ ಓರಗಿತ್ತಿಯರ ನಡುವೆ. ಪುಸ್ತಕಗಳಲ್ಲಿ ಬರುವ ಚಿತ್ರಗಳೆಲ್ಲ ಮುಂದಿನ ಹಾಲಿನವು: ಇಟಲಿಯ ಅಮೃತಶಿಲೆ, ಬೆಲ್ಜಿಯಮ್ಮಿನ ಕನ್ನಡಿ, ತೂಗುದೀಪ. ಅವು ಮದುವೆಯ ದಿನ ನೆಂಟರು ನೋಡಲಿ ಎಂದು ಇಟ್ಟವು. ಮನೆ ಬದುಕಿದ್ದು ಹಿಂದಿನ ಎರಡು ಅಂಗಳಗಳಲ್ಲಿ. ನನಗಂತೂ ಕನ್ನಡಿಗಿಂತ ಆ ಬೀಗದ ಕೋಣೆಗಳ ಮೇಲೆಯೇ ಗೌರವ ಹೆಚ್ಚು.

ಮಳೆಯನ್ನೂ ಅವರು ಲೆಕ್ಕದಿಂದ ಬಿಡಲಿಲ್ಲ. ನಾಲ್ಕೂ ಕಡೆಯ ಹೆಂಚಿನ ಮಾಡು ಒಳಕ್ಕೆ ಇಳಿಜಾರಾಗಿ ನೀರೆಲ್ಲ ಅಂಗಳಕ್ಕೆ ಬರುತ್ತದೆ. ಮೂಲೆಗಳಲ್ಲಿ ದೊಡ್ಡ ಅಂಡೆಗಳನ್ನಿಟ್ಟು ಹಿಡಿದುಕೊಂಡು, ಮಿಕ್ಕಿದ್ದನ್ನು ಕಾಲುವೆಯಲ್ಲಿ ಹೊರಬಿಟ್ಟರೆ ಊರಿನ ‘ಊರಣಿ’ ಎಂಬ ಕೆರೆಗೆ ಸೇರುತ್ತಿತ್ತು. ಮಡಕಶಿರ, ಆದೋನಿ ಕಡೆ ಮಳೆಯ ಬೆಲೆ ಬಲ್ಲವರು ಇದನ್ನು ಮೆಚ್ಚಿಯಾರು.

ಇನ್ನು ಗೋಡೆ. ಚೆಟ್ಟಿನಾಡಿನ ಗಾರೆಯ ಗೋಡೆಯನ್ನು ಮುಟ್ಟಿದರೆ ನಯವಾದ ಕಲ್ಲು ಮುಟ್ಟಿದಂತೆ, ತಂಪು, ಮುಖ ಕಾಣುವಷ್ಟು ಹೊಳಪು. ಸುಣ್ಣ, ಮರಳು, ಅಳಲೆಕಾಯಿಯ ಕಷಾಯ, ಬೆಲ್ಲದ ನೀರು ಸೇರಿಸಿ ಪದರ ಪದರವಾಗಿ ಬಳಿದು, ಕೊನೆಯ ಪದರಕ್ಕೆ ಕಪ್ಪೆಚಿಪ್ಪು ಸುಟ್ಟ ಸುಣ್ಣವನ್ನೂ ಮೊಟ್ಟೆಯ ಬಿಳಿ ಲೋಳೆಯನ್ನೂ ಬೆರೆಸಿ ನುಣ್ಣಗಿನ ಕಲ್ಲಿನಿಂದ ಉಜ್ಜುತ್ತಿದ್ದರು. ಇದರಲ್ಲಿ ಮಾಯಮಂತ್ರ ಇಲ್ಲ. ಸುಣ್ಣ ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಸುಣ್ಣದ ಕಲ್ಲಾಗುತ್ತದೆ. ಬೆಲ್ಲ ಆ ಗಟ್ಟಿಯಾಗುವಿಕೆಯನ್ನು ತುಸು ತಡೆದು ಕೆಲಸಗಾರನಿಗೆ ಸಮಯ ಕೊಡುತ್ತದೆ. ಮೊಟ್ಟೆಯ ಲೋಳೆ ಮೇಲ್ಮೈಯ ಸಣ್ಣ ರಂಧ್ರಗಳನ್ನು ತುಂಬಿ ನೀರು ನಿಲ್ಲದಂತೆ ಮಾಡುತ್ತದೆ. ಅವಸರ ಮಾಡಿದರೆ ಬಿರುಕು ಖಂಡಿತ.

ನೆಲಕ್ಕೆ ಮೊದಮೊದಲು ಹೊರದೇಶದ ಟೈಲುಗಳೇ ಬರುತ್ತಿದ್ದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾರೈಕುಡಿಯ ಹತ್ತಿರದ ಆತ್ತಂಗುಡಿಯವರು ಅದನ್ನು ಕೈಯಿಂದ ಮಾಡಲು ಕಲಿತರು, ಇಂದಿಗೂ ಮಾಡುತ್ತಿದ್ದಾರೆ. ಮಾಡುವ ಬಗೆ ಬಹಳ ಸರಳ. ಚೌಕಟ್ಟಿನೊಳಗೆ ಒಂದು ಗಾಜಿನ ಹಲಗೆ, ಅದರ ಮೇಲೆ ಹೂಬಳ್ಳಿಯ ಲೋಹದ ಅಚ್ಚು. ಅಚ್ಚಿನ ಒಂದೊಂದು ಮನೆಗೂ ಸಿಮೆಂಟು ಬೆರೆಸಿದ ಒಂದೊಂದು ಬಣ್ಣವನ್ನು ಸೌಟಿನಿಂದ ಹುಯ್ಯುತ್ತಾರೆ. ಅಚ್ಚನ್ನು ಅಲುಗದಂತೆ ಎತ್ತಿ, ಮೇಲೆ ಒಣ ಸಿಮೆಂಟು ಮರಳು ಉದುರಿಸಿ, ಅದರ ಮೇಲೆ ಹಸಿ ಗಾರೆ ತುಂಬಿ ಮಟ್ಟ ಮಾಡುತ್ತಾರೆ. ಒಣಗಿದ ಮೇಲೆ ಕೆಲವು ದಿನ ನೀರಿನ ತೊಟ್ಟಿಯಲ್ಲಿ ನೆನೆಸಿ ಬಿಸಿಲಿಗೆ ಇಡುತ್ತಾರೆ. ಗಾಜು ತಾನಾಗಿ ಬಿಡುತ್ತದೆ. ಗಾಜಿನ ನುಣುಪೇ ಟೈಲಿನ ಹೊಳಪು. ಬೆಂಕಿಯ ಸೋಂಕು ಇಲ್ಲ, ಭಟ್ಟಿ ಇಲ್ಲ. ಅಚ್ಚು ಎತ್ತುವಾಗ ಕೈ ಒಂದಿಷ್ಟು ನಡುಗಿದರೆ ಬಳ್ಳಿಯ ಅಂಚು ಕದಡುತ್ತದೆ, ಆದ್ದರಿಂದ ಎರಡು ಟೈಲು ಕೂದಲೆಳೆಯಷ್ಟೂ ಬೇರೆಯಿಲ್ಲದೆ ಒಂದೇ ಥರ ಇರುವುದು ಅಪರೂಪ. ಅಂಗಡಿಯ ಯಂತ್ರದ ಟೈಲಿಗೂ ಇದಕ್ಕೂ ಇರುವ ಗುರುತು ಅದೇ.

ಈ ವೈಭವದ ಇನ್ನೊಂದು ಮಗ್ಗುಲನ್ನು ಮುಚ್ಚಿಡುವುದು ಸರಿಯಲ್ಲ. ಮನೆ ಕಟ್ಟಿದ ಹಣ ಬಡ್ಡಿಯ ಹಣ. 1930ರ ಸುಮಾರಿಗೆ ಜಗತ್ತಿಗೇ ಆರ್ಥಿಕ ಕುಸಿತ ಬಂದು ಅಕ್ಕಿಯ ಬೆಲೆ ನೆಲ ಕಚ್ಚಿತು. ಬರ್ಮಾದ ರೈತ ಸಾಲ ತೀರಿಸಲಾಗದೆ ಗದ್ದೆ ಬಿಟ್ಟುಕೊಟ್ಟ. 1930ರಲ್ಲಿ ಕೆಳ ಬರ್ಮಾದ ಮುಖ್ಯವಾದ 13 ಭತ್ತದ ಜಿಲ್ಲೆಗಳಲ್ಲಿ ಚೆಟ್ಟಿಯಾರರ ಕೈಯಲ್ಲಿದ್ದ ಗದ್ದೆ ನೂರಕ್ಕೆ 6 ಪಾಲು. 1938ರ ಹೊತ್ತಿಗೆ ಅದು 25 ಪಾಲಾಯಿತು. ಅವರಿಗೆ ಬೇಕಾಗಿದ್ದುದು ಹಣ, ಸಿಕ್ಕಿದ್ದು ನೆಲ, ಅದರ ಜೊತೆಗೆ ಆ ನಾಡಿನವರ ಸಿಟ್ಟು. 1942ರಲ್ಲಿ ಜಪಾನೀಯರು ಬರ್ಮಾಕ್ಕೆ ನುಗ್ಗಿದಾಗ ಎಷ್ಟೋ ಮಂದಿ ಭಾರತೀಯರು ಕಾಡು ಬೆಟ್ಟ ದಾಟಿ ನಡೆದೇ ಬಂದರು. ಸ್ವತಂತ್ರ ಬರ್ಮಾದಲ್ಲಿ ನೆಲ ಸರ್ಕಾರಕ್ಕೆ ಸೇರಿತು, 1963ರಲ್ಲಿ ಬ್ಯಾಂಕುಗಳೂ ಸೇರಿದವು. ಅಲ್ಲಿಗೆ ಆದಾಯದ ಬುಗ್ಗೆ ಬತ್ತಿತು.

ಕಾನಾಡುಕಾತ್ತಾನಿನಲ್ಲಿ ರಾಜಾ ಸರ್ ಅಣ್ಣಾಮಲೈ ಚೆಟ್ಟಿಯಾರರ ಅರಮನೆ ಇದೆ. ಚಿದಂಬರದಲ್ಲಿ 1929ರಲ್ಲಿ ವಿಶ್ವವಿದ್ಯಾಲಯ ಸ್ಥಾಪಿಸಿದವರು ಅವರೇ. ಅಂಥ ಕೆಲವು ಮನೆಗಳಿಗೆ ಆಸರೆ ಇತ್ತು. ಮಿಕ್ಕವುಗಳ ಕಥೆ ನಮ್ಮ ವಾಡೆಗಳ ಕಥೆಯೇ. ವಾರಸುದಾರರು ಚೆನ್ನೈ, ಸಿಂಗಪುರಗಳಲ್ಲಿ. ಒಂದು ಮನೆಗೆ ಹತ್ತಾರು ಪಾಲು. ಮಾಡಿನ ಹೆಂಚು ಬದಲಿಸಲು ಯಾರು ಹಣ ಹಾಕಬೇಕು ಎಂಬುದು ತೀರ್ಮಾನವಾಗುವುದಿಲ್ಲ, ಅಷ್ಟರಲ್ಲಿ ಒಂದು ಮಳೆಗಾಲ, ಇನ್ನೊಂದು ಮಳೆಗಾಲ. ಪುಳ್ಳಿಗೊಂದು ಕೋಣೆ ಎಂದು ಅಳತೆ ಮಾಡಿ ಕಟ್ಟಿದ ಮನೆಯಲ್ಲಿ ಪುಳ್ಳಿಯೇ ಇಲ್ಲದಿದ್ದರೆ ಆ ಅಳತೆಗೆ ಏನು ಅರ್ಥ? ಕೆಲವು ಮನೆಗಳು ಹೋಟೆಲಾಗಿ ಉಳಿದವು. ಕೆಲವು ಮದುವೆಗೆ, ಅರವತ್ತರ ಶಾಂತಿಗೆ ಮಾತ್ರ ಬಾಗಿಲು ತೆರೆಯುತ್ತವೆ. ಕೆಲವು ಬಿಡಿ ಬಿಡಿಯಾಗಿ ಕಾರೈಕುಡಿಯ ಮುನೀಶ್ವರನ್ ಕೋವಿಲ್ ಬೀದಿಯ ಹಳೆ ಸಾಮಾನಿನ ಅಂಗಡಿಗಳನ್ನು ಸೇರಿದವು. ಕಂಬ, ಬಾಗಿಲು, ಕನ್ನಡಿ, ಪಿಂಗಾಣಿ ಡಬ್ಬಿ, ಯಾರದೋ ಹೆಸರು ಕೊರೆದ ಹಿತ್ತಾಳೆ ಚೆಂಬು, ಎಲ್ಲಕ್ಕೂ ಅಲ್ಲಿ ಬೆಲೆ ಇದೆ. 2014ರಲ್ಲಿ ಚೆಟ್ಟಿನಾಡಿನ ಊರುಗಳು ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿವೆ. ಪಟ್ಟಿಗೆ ಸೇರಿದ ಮಾತ್ರಕ್ಕೆ ಮಾಡು ಸೋರುವುದು ನಿಲ್ಲುವುದಿಲ್ಲ.

ಕಂಬ ಹೋಗುವುದಾದರೆ ಮನೆಯೂ ಇಡಿಯಾಗಿ ಹೋಗಲಿ ಎಂದು ಯೋಚಿಸಿದವರೂ ಉಂಟು. ಚೆನ್ನೈ ಹತ್ತಿರದ ಮುಟ್ಟುಕಾಡಿನಲ್ಲಿ 1996ರಲ್ಲಿ ಆರಂಭವಾದ ದಕ್ಷಿಣಚಿತ್ರದಲ್ಲಿ ಚೆಟ್ಟಿನಾಡಿನ ಒಂದು ಮನೆಯನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದ್ದಾರೆ. ಅಲ್ಲೇ ಇಳಕಲ್ಲಿನ ನೇಕಾರರ ಮನೆಯೂ ಇದೆ. ಚೆನ್ನೈಗೆ ಹೋದವರು ನೋಡಿ ಬನ್ನಿ. ಕಾಸರಗೋಡಿನವರಿಗೆ ಇನ್ನೂ ಹತ್ತಿರ ಮಣಿಪಾಲ. ಅಲ್ಲಿ ವಿಜಯನಾಥ ಶೆಣೈಯವರು ಕೆಡವಲು ಹೊರಟ ಹಳೆಯ ಮನೆಗಳನ್ನು ತಂದು ಕಟ್ಟಿ ಹಸ್ತಶಿಲ್ಪದ ಪರಂಪರೆ ಗ್ರಾಮವನ್ನೇ ಮಾಡಿದರು. 2017ರಲ್ಲಿ ಅವರು ತೀರಿಕೊಂಡರು, ಮನೆಗಳು ನಿಂತಿವೆ. ಅವುಗಳಲ್ಲಿ ಒಲೆ ಉರಿಯುವುದಿಲ್ಲ ನಿಜ. ಆದರೆ ಯಾವ ಕಂಬದ ಪಕ್ಕ ಯಾವ ಬಾಗಿಲು, ಯಾವ ಬಾಗಿಲಿನ ಹಿಂದೆ ಯಾವ ಕೋಣೆ ಎಂಬುದು ಅಲ್ಲಿ ಕಾಣುತ್ತದೆ. ಬಂಗಲೆಯ ಪೋರ್ಟಿಕೋದಲ್ಲಿ ಒಂಟಿಯಾಗಿ ನಿಂತ ಕಂಬ ಅದನ್ನು ಹೇಳಲಾರದು.

ಈಗ ನಿಮ್ಮ ಮನೆಯ ಮಾತಿಗೆ ಬರೋಣ. ಹೊಸ ಮನೆ ಕಟ್ಟುವವರು ನೀವಾಗಿದ್ದರೆ, ವಿನ್ಯಾಸಗಾರರು ಚಿತ್ರಗಳ ಪುಸ್ತಕ ಬಿಡಿಸುವ ಮುಂಚೆ ನೀವೇ ಒಂದು ಕಾಗದದ ಮೇಲೆ ಬರೆದುಕೊಳ್ಳಿ: ದಿನವೂ ಇಲ್ಲಿ ಉಣ್ಣುವವರು ಎಷ್ಟು ಮಂದಿ, ಹಬ್ಬಕ್ಕೆ ಬರುವವರು ಎಷ್ಟು? ಅಮ್ಮ ಹಪ್ಪಳ ಒಣಗಿಸುವುದು ಎಲ್ಲಿ? ಜೋಳದ ಚೀಲ, ತೆಂಗಿನಕಾಯಿ, ಅಡಿಕೆ, ಮದುವೆಯ ದೊಡ್ಡ ಪಾತ್ರೆ ಎಲ್ಲಿ ಇಡುತ್ತೀರಿ? ಗಂಡ ದುಬೈಯಲ್ಲಿದ್ದಾಗ ಸೊಸೆ ಕದ ಹಾಕಿಕೊಂಡು ಒಬ್ಬಳೇ ಕೂರಲು ಒಂದು ಜಾಗ ಇದೆಯೇ? ಕಾಸರಗೋಡಿನ ಕಡೆ ಹೊಸ ಮನೆಗಳಲ್ಲಿ ನೋಡಲೊಂದು ಅಡಿಗೆ ಮನೆ, ಹಿಂದೆ ಮೀನು ಕೊಯ್ಯಲು, ತೆಂಗಿನಕಾಯಿ ಅರೆಯಲು ‘ವರ್ಕ್ ಏರಿಯಾ’ ಎಂದು ಇನ್ನೊಂದು ಇರುತ್ತದೆ. ಮೊದಲನೆಯದಕ್ಕೆ ಲಕ್ಷಗಟ್ಟಲೆ ಖರ್ಚು, ಎರಡನೆಯದಕ್ಕೆ ಒಂದು ಶೀಟು. ಹೆಂಗಸರು ದಿನವಿಡೀ ನಿಲ್ಲುವುದು ಎಲ್ಲಿ ಎಂದು ನೋಡಿ ಹಣ ಹಂಚಿದರೆ ಒಳ್ಳೆಯದು. ಗಾಳಿ ಹೊರಹೋಗುವ ದಾರಿ ಮುಚ್ಚಿ ಫಾಲ್ಸ್ ಸೀಲಿಂಗ್ ಹಾಕಿಸಿ, ಆಮೇಲೆ ಎಸಿ ತರುವವರನ್ನು ಕಂಡರೆ ನನಗೆ ಆ ಒಂದೇ ಗೆರೆಯ ಬಾಗಿಲುಗಳು ನೆನಪಾಗುತ್ತವೆ.

ಹಳೆಯ ಕಂಬ ಕೊಳ್ಳುವುದಾದರೆ ಕೆತ್ತನೆಗೆ ಮರುಳಾಗಬೇಡಿ, ನಂಬಿಕೆಯ ಬಡಗಿಯನ್ನು ಕರೆದೊಯ್ಯಿರಿ. ತೇಗದ ಒಳತಿರುಳಿಗೆ ಗೆದ್ದಲು ಸುಲಭಕ್ಕೆ ಹತ್ತುವುದಿಲ್ಲ, ಹೊರಗಿನ ಬಿಳಿಮರಕ್ಕೆ ಹತ್ತುತ್ತದೆ. ಬುಡ ತೇವಕ್ಕೆ ಕೊಳೆತಿದ್ದು ಮೇಣ ತುಂಬಿ ಬಣ್ಣ ಬಳಿದಿರಬಹುದು; ತಟ್ಟಿ ನೋಡಿದರೆ ಸದ್ದಿನಲ್ಲಿ ಗೊತ್ತಾಗುತ್ತದೆ. ಇನ್ನೊಂದು ಮಾತು: ನೂರು ವರ್ಷ ಮೀರಿದ ಕೆತ್ತನೆಯ ವಸ್ತು 1972ರ ಕಾಯಿದೆಯಂತೆ ಪುರಾವಸ್ತು. ಅದನ್ನು ವ್ಯಾಪಾರ ಮಾಡುವವನ ಹತ್ತಿರ ಲೈಸೆನ್ಸ್ ಇರಬೇಕು, ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಎಲ್ಲಿಂದ ಬಂತು ಎಂದು ಕೇಳಿ, ರಸೀದಿ ಪಡೆಯಿರಿ. ಮಾರುವವರು ನೀವಾಗಿದ್ದರೆ, ಲಾರಿ ಬರುವ ಮುಂಚೆ ಮನೆಯ ಒಳಗಿನ ಫೋಟೋ ತೆಗೆಸಿ, ಒಂದೊಂದು ಕೋಣೆಯಲ್ಲಿ ಯಾರಿದ್ದರು, ಏನಿಡುತ್ತಿದ್ದರು ಎಂದು ಹಿರಿಯರನ್ನು ಕೇಳಿ ಬರೆದಿಡಿ.

ಮನೆಯನ್ನು ಉಳಿಸಿಕೊಳ್ಳುವವರಿಗೆ ಎರಡೇ ಎಚ್ಚರ. ಹಳೆಯ ಸುಣ್ಣದ ಗೋಡೆ ಉದುರಿದರೆ ಮೇಸ್ತ್ರಿ ಸಿಮೆಂಟಿನಿಂದ ತೇಪೆ ಹಾಕಲು ಬರುತ್ತಾನೆ, ಅದಕ್ಕೆ ಒಪ್ಪಬೇಡಿ. ಸುಣ್ಣದ ಗೋಡೆ ತೇವವನ್ನು ಹೀರಿ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟೋ ಆಯಿಲ್ ಪೇಂಟೋ ಬಳಿದರೆ ತೇವ ಒಳಗೇ ಸಿಕ್ಕಿಹಾಕಿಕೊಂಡು, ತೇಪೆಯ ಸುತ್ತಲಿನ ಒಳ್ಳೆಯ ಗಾರೆಯನ್ನೂ ಎಬ್ಬಿಸಿಕೊಂಡು ಬೀಳುತ್ತದೆ. ಸುಣ್ಣಕ್ಕೆ ಸುಣ್ಣದ್ದೇ ತೇಪೆ ಆಗಬೇಕು, ಬೇಸಿಗೆಯಲ್ಲಾದರೆ ದಿನಾ ನೀರು ಚಿಮುಕಿಸಬೇಕು. ಇನ್ನು ನೆಲ. ಆತ್ತಂಗುಡಿಯದಾಗಲಿ, ನಮ್ಮ ಕಡೆಯ ಹಳೆಯ ಬಣ್ಣದ ಸಿಮೆಂಟು ನೆಲವಾಗಲಿ, ಬಚ್ಚಲು ತೊಳೆಯುವ ಆಸಿಡ್ಡನ್ನು ಅದಕ್ಕೆ ಸೋಕಿಸಬೇಡಿ. ಸಿಮೆಂಟನ್ನು ಅದು ತಿಂದುಹಾಕುತ್ತದೆ, ಹೋದ ಹೊಳಪು ಮರಳುವುದಿಲ್ಲ. ಬರೀ ನೀರಿನಲ್ಲಿ ಒರೆಸಿ, ಆಗಾಗ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿದರೆ ಸಾಕು. ತಿಕ್ಕಿದ ದಿನ ಮಕ್ಕಳನ್ನು ಅದರ ಮೇಲೆ ಓಡಲು ಬಿಡಬೇಡಿ, ಜಾರುತ್ತದೆ.